ಪಿಯುಸಿ ಪಾಸಾಗಿದ್ದಕ್ಕೆ ಏಳು ಗಂಟೆ ಕಾರಲ್ಲಿ ಕೂರಬೇಕಾ?

ಪ್ರಶ್ನೆ: ನಾವಿಬ್ಬರೂ ಮಗಳ ಮನೆಗೆ ಅಂತ ಅಮೆರಿಕಕ್ಕೆ ಬಂದು ಒಂದು ತಿಂಗಳಾಯಿತು. ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ತೀರಿಹೋದ ನನ್ನ ಅಣ್ಣನ ಮೊಮ್ಮಗ ಪಿಟ್ಸ್‌ಬರ್ಗ್ ಹತ್ತಿರ ಹೈಸ್ಕೂಲ್ ಮುಗಿಸುತ್ತಿದ್ದಾನೆ. ಜೂನ್ ಮೊದಲ ವಾರ ಗ್ರಾಜುಯೇಷನ್ ಅಂತೆ. ಎಲ್ಲರೂ ಕಾರಿನಲ್ಲಿ ಹೋಗಿಬರೋಣ ಅಂತ ಮಗಳು, ಅಳಿಯ ಹೊರಟಿದ್ದಾರೆ. ನಮ್ಮ ಯಜಮಾನರು ಮಾತ್ರ, "ಪಿಯುಸಿ ಪಾಸಾಗಿದ್ದಕ್ಕೆ ಏಳು ಗಂಟೆ ಕಾರಲ್ಲಿ ಕೂರಬೇಕಾ? ಫೋನ್ ಮಾಡಿ ಆಶೀರ್ವಾದ ಮಾಡಿದರೆ ಸಾಲದಾ?" ಅನ್ನುತ್ತಾರೆ. ನನಗೂ ಮಂಡಿನೋವು. ಹೋಗಲಾ, ಉಳಿಯಲಾ? ಹೋದರೆ ಏನು ಉಡಲಿ, ಏನು ಕೊಡಲಿ?
(ಹೆಸರು ಬೇಡ, ತಿಪಟೂರು)

ಉತ್ತರ: ಹೋಗಿ. ಮಂಡಿಗೆ ಉಪಾಯವಿದೆ, ಯಜಮಾನರಿಗೂ ಇದೆ.

ಆ ದಾರಿ ನನಗೆ ಗೊತ್ತು. 2019ರಲ್ಲಿ ನಮ್ಮ ಭಾವನವರ ಮೊಮ್ಮಗಳ ಗ್ರಾಜುಯೇಷನ್‌ಗೆ ಮಗನ ಕಾರಿನಲ್ಲಿ ನ್ಯೂಜೆರ್ಸಿಯಿಂದ ಪಿಟ್ಸ್‌ಬರ್ಗ್‌ಗೇ ಹೋಗಿದ್ದೆ. ಹೊರಡುವ ಮುಂಚೆ ನಾನೂ ನಿಮ್ಮ ಯಜಮಾನರ ಹಾಗೇ ಗೊಣಗಿದ್ದೆ. ನಾನು ಪಿಯುಸಿ ಪಾಸಾದ ದಿನ ನಮ್ಮಪ್ಪ ಪೇಪರಿನಲ್ಲಿ ನಂಬರ್ ಹುಡುಕಿ, "ಇದೆ, ಹೋಗಿ ದೇವರಿಗೆ ದೀಪ ಹಚ್ಚು" ಅಂದಿದ್ದರು. ನಮ್ಮ ಸಂಭ್ರಮ ಅಲ್ಲಿಗೆ ಮುಗಿದಿತ್ತು.

ಅಲ್ಲಿ ಲೆಕ್ಕ ಬೇರೆ. ಮಗು ಕಿಂಡರ್‌ಗಾರ್ಟನ್ ಸೇರಿದಾಗಿನಿಂದ ಹನ್ನೆರಡನೇ ಕ್ಲಾಸಿನವರೆಗೆ ಹಳದಿ ಬಸ್ಸಿನಲ್ಲಿ ಓಡಾಡಿರುತ್ತೆ. ಜೂನ್‌ನಲ್ಲಿ ಈ ಸಮಾರಂಭ, ಆಗಸ್ಟ್ ಬಂತು ಅಂದರೆ ಎಷ್ಟೋ ಮಕ್ಕಳು ಕಾಲೇಜು ಹಾಸ್ಟೆಲಿಗೆ. ಆಮೇಲೆ ರಜೆಗೆ ಬಂದುಹೋಗುವ ನೆಂಟರು, ಅಷ್ಟೇ. ನಾವು ಹೋದಾಗ, ಸಮಾರಂಭದ ಹಿಂದಿನ ದಿನ ರಾತ್ರಿ ಹುಡುಗಿಯ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಒಬ್ಬಳೇ ಅಳುತ್ತಿದ್ದಳು. ಹೆಣ್ಣು ಒಪ್ಪಿಸುವಾಗ ನಮ್ಮಮ್ಮ ಅತ್ತದ್ದೂ ಹೀಗೇ, ಏನೋ ಒಂದು ಕೆಲಸ ಹಿಡಿದುಕೊಂಡೇ. ಪಾಸಾದದ್ದು ನೆಪ. ಮಗು ಮನೆ ಬಿಡುವ ಮುಂಚೆ ನೆಂಟರೆಲ್ಲ ಒಂದು ಸಲ ಸೇರುವುದು.

ದಾರಿ ಸುಮಾರು 350 ಮೈಲಿ, ನಮ್ಮ ಲೆಕ್ಕದಲ್ಲಿ 560 ಕಿಲೋಮೀಟರ್. ಬೆಂಗಳೂರಿನಿಂದ ಹೈದರಾಬಾದಿಗೆ ಹೋದಷ್ಟು. ರಸ್ತೆ ಚೆನ್ನಾಗಿದೆ, ಊಟ, ಬಾತ್‌ರೂಮ್ ಎಲ್ಲ ಸೇರಿ ನಿಮ್ಮ ಯಜಮಾನರು ಹೇಳಿದ ಏಳು ಗಂಟೆ ಸರಿಯೇ. 78ನೇ ಹೆದ್ದಾರಿಯಲ್ಲಿ ಡೆಲವೇರ್ ನದಿ ದಾಟಿದರೆ ಪೆನ್ಸಿಲ್ವೇನಿಯಾ. ಹ್ಯಾರಿಸ್‌ಬರ್ಗ್ ಹತ್ತಿರ ಟರ್ನ್‌ಪೈಕ್ ಅನ್ನುವ ಟೋಲ್ ರಸ್ತೆ ಸೇರುತ್ತೀರಿ. 1940ರಲ್ಲಿ ಶುರುವಾದ ರಸ್ತೆ ಅದು. ಬೆಟ್ಟ ಕೊರೆದ ನಾಲ್ಕು ಸುರಂಗಗಳಿವೆ. ಮೊದಲ ಎರಡು, ಬ್ಲೂ ಮೌಂಟನ್ ಮತ್ತು ಕಿಟ್ಟಟಿನಿ, ಒಂದರ ಬೆನ್ನಿಗೆ ಒಂದು. ಹೊರಗೆ ಬಂದೆವು ಅನ್ನುವಷ್ಟರಲ್ಲಿ ಮತ್ತೆ ಒಳಗೆ. ನನ್ನ ಮೊಮ್ಮಗ ಸುರಂಗ ಮುಗಿಯುವವರೆಗೂ ಕೆನ್ನೆ ಉಬ್ಬಿಸಿ ಉಸಿರು ಕಟ್ಟಿ ಕೂತಿದ್ದ. ಆಟವಂತೆ. ಕೊನೆಯ ಅಲಿಗೇನಿ ಸುರಂಗ ಒಂದು ಮೈಲಿಗಿಂತ ಉದ್ದ, ಅಲ್ಲಿ ಸೋತ.

ಮಂಡಿಗೆ: ನೀವು ಮುಂದಿನ ಸೀಟು ಹಿಡಿಯಿರಿ. ಸಂಕೋಚ ಬೇಡ. ಸೀಟನ್ನು ಹಿಂದಕ್ಕೆ ತಳ್ಳಿಸಿ ಕಾಲು ಚಾಚಿ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಲು ಅಳಿಯನಿಗೆ ಈಗಲೇ ಹೇಳಿಡಿ, ಕಾರಿನಲ್ಲಿ ಕೂತಮೇಲೆ ನಾವು ಬಾಯಿ ಬಿಡುವುದಿಲ್ಲ, ಅಲ್ವಾ? ಟರ್ನ್‌ಪೈಕ್‌ನಲ್ಲಿ ನಿಲ್ಲುವುದಕ್ಕೇ ಅಂತ ದೊಡ್ಡ ಜಾಗಗಳಿವೆ, ಬಾತ್‌ರೂಮ್ ಇದೆ, ಕಾಫಿ ಸಿಗುತ್ತೆ. ಅದು ಕಾಫಿ ಅಂತ ಅವರು ಹೇಳುತ್ತಾರೆ. ಇಳಿದವರು ಹತ್ತು ನಿಮಿಷ ಓಡಾಡಿ. ಬಾತ್‌ರೂಮಿಗೆ ಹೆದರಿ ನೀರು ಕುಡಿಯುವುದನ್ನು ಬಿಡಬೇಡಿ.

ಊಟಕ್ಕೆ ಚಪಾತಿ, ಚಟ್ನಿಪುಡಿ, ಮೊಸರನ್ನ ಸಾಕು. ನಾನು ಒಗ್ಗರಣೆ ಜಾಸ್ತಿ ಹಾಕಿದ ಪುಳಿಯೋಗರೆ ಡಬ್ಬಿಯನ್ನು ಏಸಿ ಕಾರಿನಲ್ಲಿ ತೆಗೆದು, "ಅಜ್ಜಿ, ನನ್ನ ಜ್ಯಾಕೆಟ್ಟೆಲ್ಲ ಇಂಗು" ಅಂತ ಬೈಸಿಕೊಂಡೆ. ಅದಕ್ಕಿಂತ, ಪಿಟ್ಸ್‌ಬರ್ಗ್ ಸೇರುವ ಮುಂಚೆ ಮನ್ರೋವಿಲ್ ಬಳಿ ಇಳಿದರೆ ಪೆನ್‌ಹಿಲ್ಸ್‌ನಲ್ಲಿ ವೆಂಕಟೇಶ್ವರ ದೇವಸ್ಥಾನ ಹತ್ತಿರವೇ. 1970ರ ದಶಕದಲ್ಲಿ ಕಟ್ಟಿದ್ದು, ಗುಡ್ಡದ ಇಳಿಜಾರಿನಲ್ಲಿ ಬಿಳಿ ಗೋಪುರ. ದೇವಸ್ಥಾನ ಅಂದಮೇಲೆ ಯಜಮಾನರು ಇಲ್ಲ ಅನ್ನಲಾರರು. ಅವರಿಗೆ ಇನ್ನೊಂದು ಕೆಲಸವೂ ಇದೆ. ನ್ಯೂಜೆರ್ಸಿಯಲ್ಲಿ ನಮ್ಮೂರಿನ ಹಾಗೆ ಬಂಕಿನವರೇ ಪೆಟ್ರೋಲ್ ಹಾಕುತ್ತಾರೆ, ಅಲ್ಲಿಯ ಕಾನೂನೇ ಹಾಗೆ. ಪೆನ್ಸಿಲ್ವೇನಿಯಾದಲ್ಲಿ ನಾವೇ ಇಳಿದು ಹಾಕಿಕೊಳ್ಳಬೇಕು. ಆ ಪೈಪು ಅವರ ಕೈಗೆ ಕೊಡಿಸಿ. ಊರಿಗೆ ಬಂದು ವರ್ಷಪೂರ್ತಿ ಹೇಳುತ್ತಾರೆ.

ಏನು ಉಡುವುದು ಅಂದರೆ, ರೇಷ್ಮೆ ಬೇಡ. ಎಷ್ಟೋ ಕಡೆ ಸಮಾರಂಭ ಶಾಲೆಯ ಫುಟ್‌ಬಾಲ್ ಮೈದಾನದಲ್ಲೇ. ಮೆಟ್ಟಿಲು ಮೆಟ್ಟಿಲಾಗಿ ಅಲ್ಯುಮಿನಿಯಂ ಬೆಂಚು, ಬಿಸಿಲಿಗೆ ಕಾದು ದೋಸೆ ಕಾವಲಿ ಆಗಿರುತ್ತೆ. ಒಂದು ಟವೆಲ್ ಮಡಿಸಿ ಇಟ್ಟುಕೊಳ್ಳಿ. ಸಂಜೆ ಏಳಕ್ಕೆ ಕಾರ್ಯಕ್ರಮ ಅಂದರೂ ಜೂನ್‌ನಲ್ಲಿ ಸೂರ್ಯ ಮುಳುಗುವುದು ಎಂಟೂ ಮುಕ್ಕಾಲಿಗೆ. ಮುಳುಗಿದ ಮೇಲೆ ಚಳಿ, ಸ್ವೆಟರ್ ಇರಲಿ. ಕಾಟನ್ ಸೀರೆ ಅಥವಾ ಚೂಡಿದಾರ್, ಕೆಳಗಿನ ಸಾಲಿನಲ್ಲಿ ಜಾಗ. ಕೆಲವು ಶಾಲೆಗಳು ಒಳಗಿರುವುದು ಕಾಣುವಂಥ ಪ್ಲಾಸ್ಟಿಕ್ ಬ್ಯಾಗ್ ಬಿಟ್ಟು ಬೇರೆ ಬ್ಯಾಗ್ ಒಳಗೆ ಬಿಡುವುದಿಲ್ಲ. ಮೊದಲೇ ಕೇಳಿಕೊಳ್ಳಿ. ನನ್ನ ಜಂಬದ ಚೀಲ ಕಾರಿನಲ್ಲೇ ಉಳಿಯಿತು.

ಈಗ ನನ್ನ ಎಡವಟ್ಟು ಹೇಳಬೇಕು. ಮಕ್ಕಳು ಗೌನು, ಚಪ್ಪಟೆ ಟೋಪಿ ಹಾಕಿಕೊಂಡು ಸಾಲಾಗಿ ಬರುತ್ತಾರೆ. ಟೋಪಿಗೆ ಸೀರೆ ಕುಚ್ಚಿನಂಥದ್ದು ನೇತಾಡುತ್ತಿರುತ್ತೆ, ಕೊನೆಯಲ್ಲಿ ಅದನ್ನು ಬಲದಿಂದ ಎಡಕ್ಕೆ ಸರಿಸಿದರೆ ಪಾಸಾದ ಹಾಗೆ. ನಡುವೆ ಒಬ್ಬೊಬ್ಬರ ಹೆಸರು ಕೂಗುತ್ತಾರೆ, ಸರ್‌ನೇಮಿನ ಅಕ್ಷರದ ಪ್ರಕಾರ. ಒಬ್ಬರಿಗೆ ಐದು ಸೆಕೆಂಡು. ನಮ್ಮ ಹುಡುಗಿಯ ಸರ್‌ನೇಮ್ ಅವಳ ತಾತನ ಹೆಸರು, ಅಂದರೆ ನಮ್ಮ ಭಾವನವರದು. ಪಾಸ್‌ಪೋರ್ಟ್ ಮಾಡಿಸುವಾಗ ಅವರ ಮಗ ಅಪ್ಪನ ಹೆಸರನ್ನು ಕೊನೆಗೆ ಬರೆಸಿದ್ದ, ಅಲ್ಲಿ ಅದೇ ಮನೆತನದ ಹೆಸರಾಗಿಬಿಟ್ಟಿದೆ. ನಾನು ಕನ್ನಡಕ ಒರೆಸುತ್ತ ಕೂತಿದ್ದೆ. ಮೈಕಿನಲ್ಲಿ ಏನೋ ಬಂತು. ಳಕಾರ ಲಕಾರವಾಗಿ, ನಡುವಿನ ಅಕ್ಷರ ರಬ್ಬರಿನ ಹಾಗೆ ಎಳೆದು. ಯಾರೋ ಇಟಲಿ ಕಡೆಯವರ ಮಗು ಅಂದುಕೊಂಡೆ. ನನ್ನ ಮಗ ಎದ್ದು ನಿಂತು ಕೂಗಿದಾಗ ತಲೆ ಎತ್ತಿದರೆ, ಹುಡುಗಿ ಕೈಕುಲುಕಿ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ಹಾಸನದ ಕಡೆ ಹಳ್ಳಿಯಲ್ಲಿ ಹುಟ್ಟಿ, ಬದುಕಿರುವವರೆಗೆ ಒಮ್ಮೆಯೂ ವಿಮಾನ ಹತ್ತದ ಮನುಷ್ಯ ನಮ್ಮ ಭಾವ. ಅವರ ಹೆಸರನ್ನು ಪೆನ್ಸಿಲ್ವೇನಿಯಾದ ಮೈದಾನದಲ್ಲಿ ಮೈಕ್ ಹಿಡಿದು ಕೂಗಿದರು, ನಾನು ಚಪ್ಪಾಳೆ ತಟ್ಟಲಿಲ್ಲ.

ನಿಮ್ಮ ಅಣ್ಣನ ಹೆಸರೂ ಹೀಗೇ ಮೊಮ್ಮಗನಿಗೆ ಬಂದಿದೆಯಾ ಅಂತ ವಿಚಾರಿಸಿ. ಬಂದಿದ್ದರೆ ಯಜಮಾನರ ಹತ್ತಿರ ಬೇರೆ ವಾದವೇ ಬೇಡ. ಯಾವ ಅಕ್ಷರ, ಎಷ್ಟನೆಯವನು ಅಂತ ಕೇಳಿಕೊಂಡು, ಹಿಂದಿನ ಹತ್ತು ಮಕ್ಕಳಿಂದಲೇ ಕೈ ಸಿದ್ಧ ಮಾಡಿಕೊಂಡು ಕೂತಿರಿ.

ಉಡುಗೊರೆಗೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿಯೂ ಕಾರ್ಡಿನೊಳಗೆ ದುಡ್ಡು ಇಟ್ಟು ಕೊಡುವುದು ರೂಢಿ, ನಮ್ಮ ಮುಯ್ಯಿ ಹಾಗೇ. ನಾನು 101 ಡಾಲರ್ ಇಟ್ಟಿದ್ದೆ. ಆ ಒಂದು ಡಾಲರ್ ಯಾಕೆ ಅಂತ ಹುಡುಗಿ ಕೇಳಿದಳು, ವಿವರಿಸಲು ಅರ್ಧ ಗಂಟೆ ಹಿಡಿಯಿತು. ನಿಮ್ಮ ಹತ್ತಿರ ಅಣ್ಣನ ಹಳೇ ಫೋಟೋ ಇದ್ದರೆ ಅದನ್ನೂ ಕೊಡಿ. ಮನೆಯ ಪಾರ್ಟಿಯಲ್ಲಿ ಮಗುವಿನ ಫೋಟೋಗಳನ್ನೆಲ್ಲ ಒಂದು ಬೋರ್ಡಿಗೆ ಅಂಟಿಸಿ ಇಡುತ್ತಾರೆ.

ಟಿಕೆಟ್ ವಿಷಯ ಇವತ್ತೇ ಕೇಳಿ. ಬಹಳಷ್ಟು ಶಾಲೆಗಳಲ್ಲಿ ಮನೆಗೆ ಇಷ್ಟೇ ಅಂತ ಲೆಕ್ಕ ಇರುತ್ತೆ. ಮಳೆ ಬಂದು ಒಳಗಡೆ ನಡೆಸಿದರೆ ಇನ್ನೂ ಕಮ್ಮಿ. ಒಂದು ಟಿಕೆಟ್ ಕಡಿಮೆ ಬಿದ್ದರೆ ನೀವು ಹೋಗಿ. ಎಷ್ಟೋ ಶಾಲೆಗಳು ಇಂಟರ್‌ನೆಟ್ಟಿನಲ್ಲಿ ಲೈವ್ ತೋರಿಸುತ್ತವೆ, ಯಜಮಾನರು ಸೋಫಾ ಮೇಲೆ ಕೂತು ನೋಡಿ, ಫೋನ್ ಮಾಡಿ ಆಶೀರ್ವಾದ ಮಾಡಲಿ.