ಸ್ಟಿಕ್ಕರ್‌ನಾಚೆಯ ವ್ಯತ್ಯಾಸ

ಪ್ರಶ್ನೆ: ಟೊಯೊಟಾ ಯಾರಿಸ್ ಮತ್ತು ಜಿಆರ್ ಯಾರಿಸ್‌ಗಳ ನಡುವೆ ಹೆಸರಿನಾಚೆ ವ್ಯತ್ಯಾಸವಿದೆಯೇ?
– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು

ಉತ್ತರ: ಇದೆ. ಯಾರಿಸ್ ಟೊಯೊಟಾದ ಸಣ್ಣ ಕಾರು; ಜಿಆರ್ ಎಂದರೆ ಆ ಕಂಪನಿಯ ರೇಸಿಂಗ್ ವಿಭಾಗ, ಗಾಜೂ ರೇಸಿಂಗ್. ಬರಿಯ ಸ್ಪಾಯ್ಲರ್ (ಹಿಂಬದಿಯ ರೆಕ್ಕೆ), ಸ್ಟಿಕ್ಕರ್ ಅಂಟಿಸಿ ರ‍್ಯಾಲಿಯ ಹೆಸರಿನಲ್ಲಿ ಮಾರುವ ಕಾರುಗಳೂ ಇವೆ; ಅವುಗಳಿಗೆ ಹೆಚ್ಚು ಹಣ ಕೊಡುವುದು ನನ್ನ ಮಟ್ಟಿಗೆ ದಂಡ. 2020ರಲ್ಲಿ ಬಂದ ಜಿಆರ್ ಯಾರಿಸ್ ಹಾಗಲ್ಲ. ಸಾಧಾರಣ ಯಾರಿಸ್‌ಗೆ ಐದು ಬಾಗಿಲುಗಳಾದರೆ ಇದಕ್ಕೆ ಮೂರೇ. ಚಾವಣಿ ಹಗುರವಾದ ಕಾರ್ಬನ್ ಫೈಬರ್‌ನದು, ಬಾನೆಟ್ ಮತ್ತು ಬಾಗಿಲುಗಳು ಅಲ್ಯೂಮಿನಿಯಮ್‌ನವು. ಮೇಲಿನ ಭಾರ ಇಳಿದಷ್ಟೂ ತಿರುವಿನಲ್ಲಿ ಕಾರು ವಾಲುವುದು ಕಡಿಮೆ. ಹಿಂಬದಿಯ ಅಡಿಗಟ್ಟು ಕೊರೊಲ್ಲಾ ವರ್ಗದ ದೊಡ್ಡ ಕಾರಿನದು. ಎಲ್ಲಕ್ಕಿಂತ ಮುಖ್ಯವಾಗಿ, 1.6 ಲೀಟರಿನ ಮೂರು ಸಿಲಿಂಡರ್ ಟರ್ಬೊ ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹಂಚಿಕೆಯಾಗುತ್ತದೆ. ಮಳೆಗಾಲದಲ್ಲಿ ನಿಮ್ಮೂರಿನ ತೋಟದ ಏರುದಾರಿಯಲ್ಲಿ ಮುಂದಿನ ಚಕ್ರಗಳು ಇದ್ದಲ್ಲೇ ತಿರುಗಿ ಕೆಸರೆರಚುವುದನ್ನು ಕಂಡವರಿಗೆ, ಹಿಂದಿನವೂ ದೂಡಿದರೆ ಏನಾಗುವುದೆಂದು ವಿವರಿಸಬೇಕಿಲ್ಲ.