ಕೇಪಳ: ಬಣ್ಣ ಬಿಡಿ, ಎಲೆಯ ಬುಡ ನೋಡಿ

ಪ್ರಶ್ನೆ: ಬೇಲಿಯಲ್ಲಿ ತಾನಾಗಿ ಹುಟ್ಟಿದ ಕೆಂಪು ಕೇಪಳವಿದೆ. ಶಿವಮೊಗ್ಗದ ನರ್ಸರಿಯಿಂದ ತಂದದ್ದೂ ಕೆಂಪು. ಎರಡೂ ಒಂದೇ ಜಾತಿಯೇ? ಅಂಗಳದ ಕಟ್ಟೆಯ ಪಕ್ಕ ನೆಟ್ಟ ನರ್ಸರಿ ಗಿಡದ ಚಿಗುರು ಹಳದಿಯಾಗುತ್ತಿದೆ. – ಓದುಗರು, ಹೊಸನಗರ

ಉತ್ತರ: ಬಣ್ಣದಿಂದ ಜಾತಿ ತಿಳಿಯುವುದಿಲ್ಲ. ನಮ್ಮ ಗುಡ್ಡದ ಕೇಪಳದ (ಇಕ್ಸೋರಾ ಕಾಕ್ಸಿನಿಯಾ) ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಎಲೆಯ ಬುಡ ದುಂಡಗಿದ್ದು ಕಾಂಡವನ್ನು ತಬ್ಬಿದಂತಿರುತ್ತದೆ. ಹೂವಿನ ನಾಲ್ಕೂ ಎಸಳಿನ ತುದಿ ಚೂಪು. ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವ ಇಕ್ಸೋರಾ ಚೈನೆನ್ಸಿಸ್‌ನಲ್ಲಿ ಎಸಳಿನ ತುದಿ ಗುಂಡು, ಎಲೆ ಬುಡದತ್ತ ಸಪೂರಾಗಿ ಸಣ್ಣ ತೊಟ್ಟಿಗೆ ಸೇರುತ್ತದೆ. ಹಳದಿ ಹೂವಿನದ್ದಾದರೂ ಎಲೆಯ ಬುಡ ದುಂಡಗಿದ್ದು ಎಸಳು ಚೂಪಾಗಿದ್ದರೆ ಅದು ನಮ್ಮ ಕೇಪಳದ್ದೇ ತಳಿ ಎನ್ನಬಹುದು. ಎರಡೂ ಗುರುತು ಬೆರೆತಿದ್ದರೆ ಮಿಶ್ರತಳಿ. ಅಂಥವು ಬಹಳ ಇವೆ, ಚೀಟಿಯ ಮೇಲಿನ ಹೆಸರನ್ನು ನಂಬಬೇಡಿ. ಅಂಚುಗಿಡವಾಗಿ ಮಾರುವ ಕುಳ್ಳ ತಳಿಗಳಿಗೆ ಎಲೆಯೂ ಗೊಂಚಲೂ ಚಿಕ್ಕವು.

ಕಾಡಂಚಿನ ಬಿಳಿ ಹೂವನ್ನು ಕೇಪಳವೆಂದುಕೊಳ್ಳುವವರು ಅನೇಕರು. ಹೂವಿನ ನಡುವಿನ ಕಡ್ಡಿ ಎಸಳುಗಳನ್ನು ದಾಟಿ ಉದ್ದಕ್ಕೆ ಚಾಚಿದ್ದರೆ, ಎಲೆಯನ್ನು ಬೆಳಕಿಗೆ ಹಿಡಿದಾಗ ಕಪ್ಪು ಚುಕ್ಕೆ ಕಂಡರೆ, ಅದು ಕೇಪಳವಲ್ಲ, ಪವೆಟ್ಟಾ ಎಂಬ ಬೇರೆ ಗಿಡ.

ಹಳದಿಯ ವಿಷಯ: ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣಾಂಶದ ಕೊರತೆ. ಕೇಪಳಕ್ಕೆ ಹುಳಿ ಮಣ್ಣೇ ಬೇಕು. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಅದಕ್ಕೆ ಬರವಿಲ್ಲ, ಆದರೆ ಕಟ್ಟೆಯ ಸಿಮೆಂಟು, ಗಾರೆಯ ಚೂರು ಬುಡ ಸೇರಿದರೆ ಮಣ್ಣು ಕ್ಷಾರವಾಗಿ, ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಒಲೆಯ ಬೂದಿ ಹಾಕುತ್ತಿದ್ದರೆ ಇಂದೇ ನಿಲ್ಲಿಸಿ, ಅದೂ ಕ್ಷಾರವೇ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಮಳೆಯಿಲ್ಲದ ಸಂಜೆ ಎಲೆಗೆ ಸಿಂಪಡಿಸಿ. 15 ದಿನ ಬಿಟ್ಟು ಇನ್ನೊಮ್ಮೆ. ಹೊಸ ಚಿಗುರು ಹಸಿರಾಗಿ ಬಂದರೆ ಸಾಕು, ಹಳೆಯ ಎಲೆ ಪೂರ್ತಿ ಸರಿಯಾಗದಿರಬಹುದು. ಸಿಂಪಡಣೆ ತಾತ್ಕಾಲಿಕ, ಗಿಡ ಚಿಕ್ಕದಿರುವಾಗಲೇ ಕಟ್ಟೆಯಿಂದ ದೂರ ಕಿತ್ತು ನೆಡುವುದು ಒಳ್ಳೆಯದು.

ಪ್ರಶ್ನೆ: ಕೇಪಳದ ಕಡ್ಡಿ ನೆಟ್ಟರೆ ಕೊಳೆಯುತ್ತದೆ, ಏಕೆ? – ಓದುಗರು, ತೀರ್ಥಹಳ್ಳಿ

ಉತ್ತರ: ತೀರಾ ಎಳೆಯ ಕಡ್ಡಿ ಅಥವಾ ಮಳೆ ನೀರು ನಿಲ್ಲುವ ಜಾಗ ಕಾರಣ. ಆರಿದ್ರಾ ಮಳೆಯ ಹೊತ್ತಿಗೆ ಅರೆಬಲಿತ, ಹೂವಿಲ್ಲದ 10–15 ಸೆಂ.ಮೀ. ಕಡ್ಡಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ. ಮೇಲಿನೆರಡು ಎಲೆ ಅರ್ಧಕ್ಕೆ ಕತ್ತರಿಸಿ ಉಳಿಸಿ, ಮಿಕ್ಕವನ್ನು ತೆಗೆಯಿರಿ. ಮರಳು, ತೆಂಗಿನ ನಾರಿನ ಪುಡಿ ಸಮನಾಗಿ ಬೆರೆಸಿದ ಕುಂಡವನ್ನು ಮಾಡಿನ ಕೆಳಗಿಡಿ. ಬೇರಿಗೆ ಆರರಿಂದ ಎಂಟು ವಾರ ಬೇಕು, ಅಷ್ಟರೊಳಗೆ ಎಳೆದು ನೋಡಬೇಡಿ.