ಕಾಸರಗೋಡಿನ ಕನ್ನಡ ಶಾಲೆಯ ಹೋಂವರ್ಕ್ ಯಾವ ಭಾಷೆಯ ಮನೆಗೆ ಹೋಗುತ್ತದೆ?

ಕರ್ನಾಟಕದ ಒಳನಾಡಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿರುವ ತಾವು, ಗಡಿಯಾಚೆಯ ನಮ್ಮ ಕನ್ನಡ ಪ್ರಾಥಮಿಕ ಶಾಲೆಗಳಲ್ಲಿ ಹೋಂವರ್ಕ್ ಬಗ್ಗೆ ಮಕ್ಕಳಿಗೂ ಅಧ್ಯಾಪಕರಿಗೂ ಏನನ್ನಿಸುತ್ತದೆ ಎಂದು ಕೇಳಿದ್ದೀರಿ. ಮಂಜೇಶ್ವರ ತಾಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕೆಳಗಿನ ತರಗತಿಗಳನ್ನು ನೋಡಿಕೊಳ್ಳುವವನಾಗಿ ನಾನು ಕೊಡಬಹುದಾದ ಉತ್ತರದಲ್ಲಿ ಹೆಚ್ಚಿನ ಪಾಲು ಭಾಷೆಯದೇ ಆಗಿರುತ್ತದೆ. ಹೋಂವರ್ಕ್ ಎಷ್ಟಿರಬೇಕು ಎಂಬ ಚರ್ಚೆ ಎಲ್ಲ ಕಡೆಯೂ ನಡೆಯುತ್ತದೆ. ನಮ್ಮಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು, ಪುಸ್ತಕ ಬಿಚ್ಚಿ ಕೂತ ಮಗುವಿನ ಪಕ್ಕದಲ್ಲಿ ಕನ್ನಡ ಓದಬಲ್ಲವರು ಯಾರಿದ್ದಾರೆ ಎಂಬುದು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಜಾರಿಗೆ ಬರಲಿಲ್ಲ. ಹೀಗಾಗಿ ನಮ್ಮ ಮಕ್ಕಳು ಓದುವುದು ಕೇರಳದ ಪಠ್ಯಕ್ರಮವನ್ನು, ಕನ್ನಡದಲ್ಲಿ ಅಚ್ಚಾದ ಕೇರಳದ ಪುಸ್ತಕಗಳಿಂದ. ಒಂದರಿಂದ ನಾಲ್ಕರವರೆಗೆ ಎಲ್.ಪಿ. (ಲೋವರ್ ಪ್ರೈಮರಿ), ಐದರಿಂದ ಏಳರವರೆಗೆ ಯು.ಪಿ. (ಅಪ್ಪರ್ ಪ್ರೈಮರಿ) ಎನ್ನುವುದು ಇಲ್ಲಿಯ ಲೆಕ್ಕ. ಒಂದೇ ತರಗತಿಯ ಬೆಂಚುಗಳಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಮಾತನಾಡುವ ಮನೆಗಳ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಪುಸ್ತಕದ ಕನ್ನಡವು ಶಾಲೆಯ ಅಂಗಳದಲ್ಲಿ ಮೊದಲ ಸಲ ಎದುರಾಗುವ ಭಾಷೆ.

ಇದರ ಪರಿಣಾಮ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣಿಸುವುದು ಒಂದನೆಯ ತರಗತಿಯ ಸಂಯುಕ್ತ ಡೈರಿಯಲ್ಲಿ. ಕೆಲವು ವರ್ಷಗಳಿಂದ ಕೇರಳದಲ್ಲಿ ನಡೆದು ಬಂದಿರುವ ಈ ಕ್ರಮದಲ್ಲಿ ಮಗು ಮತ್ತು ಹೆತ್ತವರು ಜೊತೆಯಾಗಿ ಕೂತು ದಿನದ ಒಂದು ಸಂಗತಿಯನ್ನು ಎರಡು ಮೂರು ವಾಕ್ಯಗಳಲ್ಲಿ ಬರೆಯುತ್ತಾರೆ. ಮಗು ತನಗೆ ಬರುವ ಅಕ್ಷರಗಳನ್ನು ಪೆನ್ಸಿಲಿನಲ್ಲಿ ಬರೆಯುತ್ತದೆ, ಬಾರದವನ್ನು ಅಮ್ಮನೋ ಅಪ್ಪನೋ ಪೆನ್ನಿನಲ್ಲಿ ಬರೆದು ಸೇರಿಸುತ್ತಾರೆ, ಪಕ್ಕದಲ್ಲಿ ಒಂದು ಚಿತ್ರವೂ ಇರುತ್ತದೆ. ಪ್ರಾಥಮಿಕ ಹಂತಕ್ಕೆ ಇದಕ್ಕಿಂತ ಒಳ್ಳೆಯ ಮನೆಗೆಲಸವನ್ನು ನಾನು ಕಂಡಿಲ್ಲ. ಆದರೆ ಚಂದ್ರಗಿರಿಯಿಂದ ತೆಂಕಿನ ಊರಿಂದ ಮದುವೆಯಾಗಿ ಬಂದು, ಮಲಯಾಳದಲ್ಲಿಯೇ ಓದಿ ಬೆಳೆದ ತಾಯಿಯೊಬ್ಬರು ಕನ್ನಡದ ಆ ಡೈರಿಯನ್ನು ಹಿಡಿದು ಏನು ಮಾಡಬೇಕು? ಅಂಥ ಮನೆಗಳಲ್ಲಿ ಡೈರಿಯನ್ನು ಪಕ್ಕದ ಮನೆಯ ಅಕ್ಕನೋ ಯು.ಪಿ.ಯಲ್ಲಿ ಓದುವ ಅಣ್ಣನೋ ಬರೆದುಕೊಡುತ್ತಾರೆ, ತಾಯಿ ದೂರದಲ್ಲಿ ನಿಂತು ನೋಡುತ್ತಾರೆ. ಮಗುವಿಗೆ ಆ ದೂರ ಅರ್ಥವಾಗುತ್ತದೆ.

ನಾಲ್ಕನೆಯ ತರಗತಿಯ ಒಬ್ಬಳು ಹುಡುಗಿ ಪರಿಸರ ಪಾಠದ ಪ್ರಶ್ನೆಯೊಂದಕ್ಕೆ ಬರೆದು ತಂದ ಉತ್ತರದ ಮೇಲೆ ನಾನು ಕೆಂಪು ಗೆರೆ ಎಳೆದಿದ್ದೆ. ಎರಡನೆಯ ಸಲ ಓದಿದಾಗ ತಿಳಿಯಿತು, ಅಕ್ಷರಗಳೆಲ್ಲ ಕನ್ನಡದವು, ವಾಕ್ಯ ಮಾತ್ರ ಮಲಯಾಳದ್ದು. ಕೇಳಿದಾಗ ಅವಳು “ಅಮ್ಮ ಹೇಳಿದ್ದನ್ನೇ ಬರೆದೆ ಸರ್” ಎಂದಳು. ಉತ್ತರ ಸರಿಯಾಗಿಯೇ ಇತ್ತು. ತಾಯಿ ಪಾಠವನ್ನು ಕೇಳಿ ತಿಳಿದುಕೊಂಡು ತಮ್ಮ ಭಾಷೆಯಲ್ಲಿ ಮಗಳಿಗೆ ವಿವರಿಸಿದ್ದರು, ಮಗಳು ತನಗೆ ಬರುವ ಲಿಪಿಯಲ್ಲಿ ಅದನ್ನು ಹಿಡಿದಿಟ್ಟಿದ್ದಳು. ಇಬ್ಬರೂ ಪಟ್ಟ ಶ್ರಮದ ಮೇಲೆ ನನ್ನ ಗೆರೆ ಬಿದ್ದಿತ್ತು. ಆ ದಿನದಿಂದ ಮನೆಯಿಂದ ಬರುವ ಉತ್ತರಗಳನ್ನು ತಿದ್ದುವ ರೀತಿಯನ್ನು ನಾನು ಬದಲಾಯಿಸಿಕೊಂಡಿದ್ದೇನೆ.

ಮಕ್ಕಳ ಇಷ್ಟಾನಿಷ್ಟಗಳ ಬಗ್ಗೆ ಹೊರಗಿನವರಿಗೆ ಅಚ್ಚರಿಯಾಗಬಹುದಾದ ಒಂದು ಮಾತಿದೆ. ನಾವು ಚಿಕ್ಕವರಿದ್ದಾಗ ದಿನಕ್ಕೊಂದು ಪುಟ ಕಾಪಿ ಬರೆಯುವುದು, ಮಗ್ಗಿ ಬಾಯಿಪಾಠ ಮಾಡುವುದು, ನಾಲ್ಕು ಮನೆಲೆಕ್ಕ ಮಾಡಿ ತರುವುದು ಇವೇ ಹೋಂವರ್ಕ್ ಆಗಿದ್ದವು. 1990ರ ದಶಕದಿಂದ ಕೇರಳದಲ್ಲಿ ಚಟುವಟಿಕೆ ಆಧಾರಿತ ಕಲಿಕೆ ಬಂದ ಮೇಲೆ ‘ಸಂಗ್ರಹಿಸಿರಿ’, ‘ಚರ್ಚಿಸಿ ಟಿಪ್ಪಣಿ ತಯಾರಿಸಿರಿ’ ಎಂಬಂಥ ಕೆಲಸಗಳು ಬಂದವು. ತತ್ತ್ವದಲ್ಲಿ ಇವೇ ಮೇಲು ಎಂದು ನಾನೂ ನಂಬುತ್ತೇನೆ, ಆದರೂ ನನ್ನ ತರಗತಿಯ ಹಲವು ಮಕ್ಕಳು ಕಾಪಿ ಬರೆಯುವುದನ್ನೇ ಕೇಳಿ ಪಡೆಯುತ್ತಾರೆ, ಏಕೆಂದರೆ ಅದಕ್ಕೆ ಯಾರ ಸಹಾಯವೂ ಬೇಡ. ಟಿಪ್ಪಣಿ ತಯಾರಿಸಲು ಮನೆಯಲ್ಲಿ ಕನ್ನಡ ಬಲ್ಲ ದೊಡ್ಡವರು ಬೇಕು, ಅವರಿಗೆ ಬಿಡುವೂ ಇರಬೇಕು. ಬೆಳಿಗ್ಗೆ ಮದ್ರಸಾಕ್ಕೆ ಹೋಗಿ ಅಲ್ಲಿಂದ ನೇರವಾಗಿ ಶಾಲೆಗೆ ಬರುವ ಮಗುವಿಗೂ, ಸಂಜೆ ಹೆತ್ತವರು ಅಡಿಕೆ ಸುಲಿಯಲು ಕೂತಾಗ ತಮ್ಮನನ್ನು ನೋಡಿಕೊಳ್ಳಬೇಕಾದ ಮಗುವಿಗೂ ಉಳಿಯುವ ಹೊತ್ತು ಬಹಳ ಸಣ್ಣದು. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಇಲ್ಲ.

ಎಲ್ಲ ಮಕ್ಕಳೂ ಓಡೋಡಿ ಬಂದು ಒಪ್ಪಿಸುವ ಕೆಲಸವೂ ಒಂದಿದೆ. ಮನೆಯ ಹಿರಿಯರಿಂದ ಏನನ್ನಾದರೂ ಕೇಳಿಕೊಂಡು ಬರಲು ಹೇಳಿದರೆ ಮರುದಿನ ಹಾಜರಿ ಕರೆಯುವ ಮೊದಲೇ ಕೈಗಳು ಮೇಲೇಳುತ್ತವೆ. ಹಲಸಿನ ಹಣ್ಣಿಗೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಕೇಳಿದ ದಿನ ತುಳುವಿನ ಪೆಲಕಾಯಿ, ಮಲಯಾಳದ ಚಕ್ಕ, ಕೊಂಕಣಿಯ ಪಣಸು ಒಂದೇ ಹಲಗೆಯ ಮೇಲೆ ಸಾಲಾಗಿ ನಿಂತವು. ಪ್ರಾಥಮಿಕ ತರಗತಿಗಳಲ್ಲಿ ಮನೆಯ ಪರಿಸರವನ್ನು ನೋಡಿ ತಿಳಿಯುವ ಕೆಲಸವೊಂದನ್ನು ಬಿಟ್ಟು ಬೇರೆ ಹೋಂವರ್ಕ್ ಬೇಡವೆಂದು, ಮಕ್ಕಳ ಕಲಿಕೆಯ ಹೊರೆಯ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಯಶಪಾಲ್ ಸಮಿತಿ 1993ರಲ್ಲಿಯೇ ಹೇಳಿತ್ತು. ಆ ಮಾತು ನಮ್ಮಂಥ ಬಹುಭಾಷೆಯ ಊರಿಗೆ ಎಷ್ಟು ಒಪ್ಪುತ್ತದೆ ಎಂಬುದು ಆ ದಿನ ನನ್ನ ಕಣ್ಣೆದುರಿಗೇ ಇತ್ತು.

ಇನ್ನು ಅಧ್ಯಾಪಕರ ವಿಷಯ. ಒಂದು ಮತ್ತು ಎರಡನೆಯ ತರಗತಿಗೆ ಹೋಂವರ್ಕ್ ಕೊಡಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ತಿಳಿಸಿತು, 2020ರ ಶಾಲಾ ಚೀಲದ ನೀತಿಯಲ್ಲಿ ಮೂರರಿಂದ ಐದನೆಯ ತರಗತಿಯವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಎಂದು ಮಿತಿ ಹೇಳಿತು. ನಮ್ಮಲ್ಲಿ ಬಹುಪಾಲು ಅಧ್ಯಾಪಕರ ಮನಸ್ಸಿಗೆ ಇದು ಒಪ್ಪಿಗೆಯೇ. ಆದರೂ ಕೈ ಹಿಡಿತದಲ್ಲಿ ಉಳಿಯುವುದಿಲ್ಲ. ನೆರೆಯ ಇಂಗ್ಲಿಷ್ ಮಾಧ್ಯಮದ ಮಗು ಪ್ರತಿದಿನ ಪುಟಗಟ್ಟಲೆ ಬರೆಯುವುದನ್ನು ಕಂಡ ತಂದೆ, ನಮ್ಮ ಶಾಲೆಯ ಖಾಲಿ ನೋಟುಪುಸ್ತಕವನ್ನು ನೋಡಿ ಇಲ್ಲಿ ಪಾಠವೇ ಆಗುತ್ತಿಲ್ಲ ಎಂದು ತೀರ್ಮಾನಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ನಾಲ್ಕು ಮಕ್ಕಳು ಬಿಟ್ಟುಹೋದರೆ ತರಗತಿಯ ಒಂದು ವಿಭಾಗವೇ (ಡಿವಿಷನ್) ಹೋಗಬಹುದು, ಅದರ ಜೊತೆ ಅಧ್ಯಾಪಕರ ಒಂದು ಹುದ್ದೆಯೂ ಹೋಗಬಹುದು. ಈ ಅಂಜಿಕೆಯಿಂದ, ಬೇಡವೆಂದು ಗೊತ್ತಿದ್ದೂ ಕೊಡುವ ಹೋಂವರ್ಕ್ ನಮ್ಮಲ್ಲಿ ಸಾಕಷ್ಟಿದೆ, ಮತ್ತು ಅದನ್ನು ಕೊಡುವಾಗ ಮನಸ್ಸಿಗೆ ನೋವಾಗುತ್ತದೆ. ವಿದ್ಯಾರ್ಥಿವೇತನದ ಪರೀಕ್ಷೆ ಹತ್ತಿರವಾದಾಗ ನಾಲ್ಕನೆಯ ತರಗತಿಗೆ ಇದು ಇನ್ನೂ ಹೆಚ್ಚುತ್ತದೆ.

ನಮಗೂ ಮನೆಗೆಲಸವಿದೆ. ತರಬೇತಿಯ ಟಿಪ್ಪಣಿ, ಸುತ್ತೋಲೆ, ಅಭ್ಯಾಸದ ಹಾಳೆ ಅನೇಕ ಸಲ ಮೊದಲು ಮಲಯಾಳದಲ್ಲಿಯೇ ಕೈಗೆ ಬರುತ್ತವೆ. ಕನ್ನಡದ ಪ್ರತಿ ಬರುವ ಹೊತ್ತಿಗೆ ಪಾಠ ಮುಗಿದಿರುತ್ತದೆ. ಆದ್ದರಿಂದ ರಾತ್ರಿ ಕೂತು ನಾವೇ ಅವನ್ನು ಕನ್ನಡಕ್ಕೆ ತಂದುಕೊಳ್ಳುತ್ತೇವೆ, ಮಾಡಿದ್ದನ್ನು ಹತ್ತಿರದ ಶಾಲೆಗಳ ಅಧ್ಯಾಪಕರಿಗೂ ಕಳಿಸುತ್ತೇವೆ. ಮಲಯಾಳ ಓದಲು ಬಾರದ ಹಿರಿಯ ಅಧ್ಯಾಪಕಿಯೊಬ್ಬರು ಇದಕ್ಕಾಗಿಯೇ ಮಗಳ ಸಹಾಯ ಪಡೆಯುತ್ತಿದ್ದರು. ಅವರ ಸ್ಥಿತಿಗೂ ತಮ್ಮ ತರಗತಿಯ ಮಗುವಿನ ಸ್ಥಿತಿಗೂ ಅಂತರವಿರಲಿಲ್ಲ.

ಈಗ ನಾನು ಸಂಜೆಯ ಕೊನೆಯ ಅರ್ಧ ಗಂಟೆಯನ್ನು ಬರೆಯುವ ಕೆಲಸಕ್ಕೆಂದು ತರಗತಿಯಲ್ಲಿಯೇ ಮೀಸಲಿಡುತ್ತೇನೆ, ಮನೆಗೆ ಕೇಳಿ ಬರುವ ಕೆಲಸವನ್ನು ಮಾತ್ರ ಕಳಿಸುತ್ತೇನೆ. ಡೈರಿಯ ವಾಕ್ಯ ಮನೆಮಾತಿನಲ್ಲಿದ್ದರೂ ತೆಗೆದುಕೊಂಡು, ಮರುದಿನ ಮಗುವಿನೊಡನೆ ಕೂತು ಅದನ್ನು ಕನ್ನಡದಲ್ಲಿ ಹೇಳಿಸುತ್ತೇನೆ. ಮಲಯಾಳ ಬಲ್ಲ ತಾಯಂದಿರು ಈಗ ಪೆನ್ನಿನಲ್ಲಿ ಮಲಯಾಳ ಅಕ್ಷರವನ್ನೇ ಬರೆದು ಕಳಿಸುವುದೂ ಉಂಟು. ತಾವು ನೋಡಲು ಬರುವುದಾದರೆ ಶಾಲೆ ತೆರೆದ ಜೂನ್ ತಿಂಗಳಿನ ಡೈರಿಯನ್ನೂ ಫೆಬ್ರವರಿಯದನ್ನೂ ಜೊತೆಗಿಟ್ಟು ತೋರಿಸುತ್ತೇನೆ. ಮೊದಲಿನ ಪುಟಗಳಲ್ಲಿ ಎಲ್ಲವೂ ಪೆನ್ನಿನ ಬರಹವೇ, ಪೆನ್ಸಿಲಿನದು ಒಂದೋ ಎರಡೋ ಅಕ್ಷರ. ಕೊನೆಯ ಪುಟಗಳಿಗೆ ಬಂದಾಗ ಪೆನ್ನು ಕಾಣಿಸುವುದು ಒಂದೆರಡು ಒತ್ತಕ್ಷರಗಳಲ್ಲಿ ಮಾತ್ರ.